ಗುರುವಾರದ ಮದ್ದು

ಗಂಗೊಳ್ಳಿ
9 ನವೆಂಬರ್ 2003

ಸರಸಕ್ಕನಿಗೆ,

ನನ್ನ ಅಕ್ಷರ ಕಂಡು ನೀನು ಮೊದಲು ಹೆದರುತ್ತೀಯ ಎಂದು ಗೊತ್ತು. ಹೆದರಬೇಡ. ಯಾರೂ ಸತ್ತಿಲ್ಲ. ನಮ್ಮನ್ನು ಹೆತ್ತ ಅಬ್ಬಿ ಹೋದ ಮೇಲೆ ಈ ಮನೆಯಲ್ಲಿ ಸಾಯಲು ಉಳಿದವನು ನಾನೊಬ್ಬನೇ, ನಾನು ಚೆನ್ನಾಗಿದ್ದೇನೆ.

ಚೆನ್ನಾಗಿದ್ದೇನೆ ಎಂದರೆ ನಿಜವಾಗಿಯೂ ಚೆನ್ನಾಗಿದ್ದೇನೆ. ಎರಡು ವರ್ಷದಿಂದ ಯಾವ ದನಿಯೂ ನನ್ನ ಕಿವಿಯಲ್ಲಿ ಮಾತಾಡಿಲ್ಲ. ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತೇನೆ. ನನ್ನ ಪಕ್ಕ ಕೂತು ಜನ ಬೀಡಿ ಸೇದುತ್ತಾರೆ, ಬೈಯುತ್ತಾರೆ, ನಗುತ್ತಾರೆ. ಮೊದಲು ನಾಲ್ಕು ಮಾರು ದೂರ ನಿಲ್ಲುತ್ತಿದ್ದವರೇ ಇವರೆಲ್ಲ.

ಇಲ್ಲಿ ಬಂದರಿನ ಹತ್ತಿರ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ ಪ್ರತಿ ಗುರುವಾರ ಕ್ಲಿನಿಕ್ ನಡೆಯುತ್ತದೆ. ತಲೆಯ ಕಾಯಿಲೆಗೂ ಕುಡಿತಕ್ಕೂ ಅಲ್ಲೇ ಮದ್ದು. ಊರಿನಲ್ಲಿ ಅದಕ್ಕೆ ‘ಗುರುವಾರದ ಮದ್ದು’ ಎನ್ನುತ್ತಾರೆ. ಡಾಕ್ಟರಮ್ಮ ಹೊರಗಿನಿಂದ ಬರುತ್ತಾರೆ. ಪದ್ದಕ್ಕ ಎಂಬ ನರ್ಸು ಉಳಿದ ದಿನ ಮನೆ ಮನೆ ತಿರುಗುತ್ತಾಳೆ. ಅಬ್ಬಿ ಸತ್ತ ಮೂರನೆಯ ತಿಂಗಳು ಅವಳು ನಮ್ಮ ಹಿಂದಿನ ಚಪ್ಪರದ ಬಾಗಿಲಲ್ಲಿ ನಿಂತು, “ಹ್ವಾಯ್ ಚಂದಯ್ಯ, ಹೆದ್ರಬೇಡಿ. ನಾ ಕಟ್ಟುಕ್ ಬಂದದ್ದಲ್ಲ” ಎಂದಳು. ನಾನು ಅವಳ ಮೇಲೆ ಚೊಂಬು ಎಸೆದೆ. ಅವಳು ಮರುವಾರ ಮತ್ತೆ ಬಂದಳು. ಆರನೆಯ ಸಲ ನಾನೇ ಎದ್ದು ಅವಳ ಹಿಂದೆ ಹೋದೆ. ಈಗ ದಿನಕ್ಕೆರಡು ಮಾತ್ರೆ. ಬೆಂಚಿನಲ್ಲಿ ನನ್ನ ಪಕ್ಕ ಬೋಟಿನಲ್ಲಿ ದುಡಿಯುವ ಗುಡ್ಡ ಎಂಬವನು ಕೂರುತ್ತಾನೆ, ಕುಡಿತ ಬಿಡಲು ಬಂದವನು. ಒಂದೂವರೆ ವರ್ಷವಾಯಿತು, ಮುಟ್ಟಿಲ್ಲ.

ಇದನ್ನೆಲ್ಲ ಹೇಳಲು ನಿಮ್ಮ ಮನೆಗೆ ಎರಡು ಸಲ ಫೋನ್ ಮಾಡಿದೆ. ಭಾವ ಎತ್ತಿದರು, ನನ್ನ ದನಿ ಕೇಳಿ ಇಟ್ಟರು. ಅದಕ್ಕೇ ಈ ಕಾಗದ.

ವಂಡ್ಸೆಗೆ ಮೀನು ಹೊರುವ ಬೆಳ್ಳಿ ಹೇಳಿದಳು, ನಿನ್ನ ದೊಡ್ಡವಳು ರಮಿತಾಳಿಗೆ ಕೋಟದ ಕಡೆ ಗಂಡು ನಿಶ್ಚಯವಾಗಿದೆ ಎಂದು. ನಾನು ಕೊನೆಯ ಸಲ ಕಂಡಾಗ ಅವಳಿಗೆ ಹದಿನಾರು ವರ್ಷ. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆದುಕೊಂಡು ಬರುವವನು ಸೋದರಮಾವ. ಅವಳಿಗೆ ಇರುವುದು ನಾನೊಬ್ಬನೇ. ದಿನ ಯಾವಾಗ ಎಂದು ಬರೆ. ಬಿಳಿ ಅಂಗಿ ಹೊಲಿಸಬೇಕು.

ನಿನ್ನ ತಮ್ಮ,
ಚಂದಯ್ಯ


ವಂಡ್ಸೆ
20 ನವೆಂಬರ್ 2003

ಚಂದಯ್ಯ,

ಕಾಗದ ಸಿಕ್ಕಿತು. ನೀನು ಹುಷಾರಾದದ್ದು ಕೇಳಿ ಸಂತೋಷವಾಯಿತು. ದೇವರು ದೊಡ್ಡವನು.

ಮದುವೆ ಜನವರಿ 25ಕ್ಕೆ. ಹುಡುಗ ರತನ್, ಮಲ್ಪೆಯ ಬೋಟಿನಲ್ಲಿದ್ದಾನೆ. ಅವರದು ಒಳ್ಳೆಯ ಮನೆ, ಅತ್ತೆ ಸ್ವಲ್ಪ ಗಟ್ಟಿ ಹೆಂಗಸು. ಹೆಣ್ಣು ನೋಡಲು ಬಂದ ದಿನವೇ ಸೋದರಮಾವ ಎಲ್ಲಿ ಎಂದು ಕೇಳಿದರು. ನಿಮ್ಮ ಭಾವ, ಅವನು ಬೊಂಬಾಯಿಯಲ್ಲಿದ್ದಾನೆ, ಕ್ಯಾಂಟೀನಿನಲ್ಲಿ ಕೆಲಸ ಎಂದುಬಿಟ್ಟರು. ನಾನು ಒಳಗೆ ಕಾಫಿ ಬೆರೆಸುತ್ತಿದ್ದೆ. ಹೊರಗೆ ಬರುವಾಗ ಮಾತು ಮುಗಿದಿತ್ತು.

ಈಗ ನೀನು ಬಂದರೆ ನಾವು ಸುಳ್ಳು ಹೇಳಿದವರಾಗುತ್ತೇವೆ. ಗಂಗೊಳ್ಳಿಯವರು ನಾಲ್ಕು ಜನ ಬಂದೇ ಬರುತ್ತಾರೆ, ಯಾರಾದರೂ ಬಾಯಿ ಬಿಟ್ಟರೆ ಮಂಟಪದಲ್ಲೇ ನಿಲ್ಲುತ್ತದೆ. ರಮಿತಾಳ ಹಿಂದೆ ದಿವ್ಯಾ ಇದ್ದಾಳೆ. ನೀನು ಓದಿದವನು, ಅರ್ಥ ಮಾಡಿಕೊಳ್ಳುತ್ತೀ. ಮಂಟಪಕ್ಕೆ ಕರೆತರುವ ಕೆಲಸ ನಿಮ್ಮ ಭಾವನ ದಾಯಾದಿಯೊಬ್ಬರು ಮಾಡುತ್ತಾರೆ.

ಬೆಳ್ಳಿಯ ಕೈಯಲ್ಲಿ ಒಂದು ಪಂಚೆ ಕಳಿಸಿದ್ದೇನೆ. ಮದ್ದು ಬಿಡಬೇಡ.

ಸರಸ


ಗಂಗೊಳ್ಳಿ
27 ನವೆಂಬರ್ 2003

ಅಕ್ಕ,

ಪಂಚೆ ಬಂತು. ಗುಡ್ಡನಿಗೆ ಕೊಟ್ಟೆ. ಅವನಿಗೆ ಉಡಲು ಒಳ್ಳೆಯದಿರಲಿಲ್ಲ.

ನಾನು ಬರುವುದಿಲ್ಲ. ಆದರೆ ಒಂದು ಮಾತು ಬರೆಯದೆ ಇರಲಾರೆ. ಬೋಟಿನಿಂದ ನೀರಿಗೆ ಹಾರಿದ ನನ್ನನ್ನು ಮನೆಗೆ ತಂದ ದಿನ ಹಗ್ಗ ಬಿಗಿದವರು ಭಾವ. ಕಾಲು ಹಿಡಿದವಳು ನೀನು. ಆಗ ನನಗೆ ತಲೆ ಸರಿ ಇರಲಿಲ್ಲ ಎಂದು ನೀವೆಲ್ಲ ತಿಳಿದಿದ್ದೀರಿ. ಸರಿ ಇರಲಿಲ್ಲ, ಹೌದು. ಆದರೆ ಕಣ್ಣು ಕಾಣುತ್ತಿತ್ತು. ನೀನು ಮುಖ ಆಚೆ ತಿರುಗಿಸಿದ್ದೂ ನೆನಪಿದೆ. ಮುಖ ತಿರುಗಿಸಿದರೂ ನೀನು ಕೈ ಬಿಡಲಿಲ್ಲ.

ಕಾಯಿಲೆ ಬಂದಾಗ ಕಟ್ಟಿದಿರಿ. ವಾಸಿಯಾದ ಮೇಲೆ ಬೊಂಬಾಯಿಗೆ ಕಳಿಸಿದಿರಿ. ಮೊದಲನೆಯದಕ್ಕೆ ಕಾರಣ ಹುಡುಕಿಕೊಂಡಿದ್ದೆ. ಎರಡನೆಯದಕ್ಕೆ ಸಿಗುತ್ತಿಲ್ಲ.

ರಮಿತಾಳಿಗೆ ಒಳ್ಳೆಯದಾಗಲಿ.

ಚಂದಯ್ಯ


ವಂಡ್ಸೆ
6 ಡಿಸೆಂಬರ್ 2004

ಚಂದಯ್ಯ,

ಒಂದು ವರ್ಷವಾಯಿತು ಬರೆಯದೆ. ನೀನು ಹೇಗಿದ್ದೀ?

ರಮಿತಾ ಇಲ್ಲಿ ಹೆರಿಗೆಗೆ ಬಂದಿದ್ದಾಳೆ. ನವೆಂಬರ್ 22ಕ್ಕೆ ಹೆಣ್ಣು ಮಗು. ಸುಖವಾಗಿ ಆಯಿತು. ಮಗು ಅಬ್ಬಿಯ ಬಣ್ಣ.

ನಿನ್ನನ್ನು ಒಂದು ಕೇಳಬೇಕಿತ್ತು, ಸುಮ್ಮನೆ ತಿಳಿದಿರಲಿ ಎಂದು. ನಿನಗೆ ಶುರುವಾಗುವಾಗ ಹೇಗೆ ಶುರುವಾಯಿತು? ನಿದ್ರೆ ಬರುತ್ತಿತ್ತೇ? ಒಬ್ಬನೇ ಮಾತಾಡುವುದಕ್ಕೆ ಮೊದಲು ಬೇರೆ ಏನಾದರೂ ಇತ್ತೇ? ಎದುರಿಗೆ ಇದ್ದದ್ದನ್ನು ಇಲ್ಲ ಎನ್ನುವುದು ಇತ್ತೇ?

ಬಾಣಂತಿಯರಿಗೆ ನಿದ್ರೆ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಒಂಬತ್ತು ರಾತ್ರಿಯಾಯಿತು.

ಭಾವನಿಗೆ ಬರೆದದ್ದು ಗೊತ್ತಿಲ್ಲ. ಉತ್ತರ ಬೆಳ್ಳಿಯ ಕೈಯಲ್ಲಿ ಕೊಡು.

ಸರಸ


ಗಂಗೊಳ್ಳಿ
9 ಡಿಸೆಂಬರ್ 2004

ಅಕ್ಕ,

ನಿನ್ನ ಕಾಗದ ಇವತ್ತು ಬೆಳಿಗ್ಗೆ ಸಿಕ್ಕಿತು. ಗುರುವಾರ. ನೇರ ಮಾಳಿಗೆ ಹತ್ತಿ ಡಾಕ್ಟರಮ್ಮನ ಮುಂದೆ ಹಿಡಿದೆ. ಹೆಸರು ಹೇಳಲಿಲ್ಲ. ಅವರು ಎರಡು ಸಲ ಓದಿ, “ಇದು ಯಾರು?” ಎಂದರು. “ನನ್ನ ಸೋದರಸೊಸೆ” ಎಂದೆ. “ನಾಳೆಯೇ ಕರೆದುಕೊಂಡು ಬನ್ನಿ, ನಾನು ಬಂದು ನೋಡುತ್ತೇನೆ. ಇಲ್ಲಿಗಾಗದಿದ್ದರೆ ನಾನಿರುವ ಆಸ್ಪತ್ರೆಗೆ. ಮುಂದಿನ ಗುರುವಾರದ ತನಕ ಕಾಯುವ ವಿಷಯವಲ್ಲ” ಎಂದರು.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ. ಇದು ಬಾಣಂತಿ ಸನ್ನಿ ಇರಬಹುದು. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಬರುತ್ತದೆ. ಬೇಗ ಮದ್ದು ಕೊಟ್ಟರೆ ಕೆಲವು ವಾರದಲ್ಲಿ ಇಳಿಯುತ್ತದೆ, ಪೂರ್ತಿ ವಾಸಿಯಾಗುತ್ತದೆ. ಅಲ್ಲಿಯವರೆಗೆ ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡಬಾರದು. ಯಾರಾದರೂ ಜತೆಯಲ್ಲೇ ಇರಬೇಕು. ಆದರೆ ಮಗುವನ್ನು ಅವಳಿಂದ ಕಿತ್ತುಕೊಳ್ಳಲೂಬಾರದು. ಬೈಯಬಾರದು, ಕೂಡಿಹಾಕಬಾರದು.

ನನಗೆ ಹೇಗೆ ಶುರುವಾಯಿತು ಎಂದು ಕೇಳಿದ್ದೀ. ನಿದ್ರೆ ಹೋಯಿತು, ಆಮೇಲೆ ನಂಬಿಕೆ ಹೋಯಿತು. ಅಬ್ಬಿ ಬಡಿಸಿದ ಗಂಜಿಯ ಮೇಲೂ ಅನುಮಾನ. ಆ ಹೊತ್ತಿನಲ್ಲಿ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಹೊಡೆದ ಹಾಗಾಗುತ್ತಿತ್ತು.

ಕರೆದುಕೊಂಡು ಬಾ. ಬಾಡಿಗೆ ಕಾರು ಗುಡ್ಡ ತರುತ್ತಾನೆ, ನಿಮ್ಮ ಮನೆ ತನಕ ಬೇಡವೆಂದರೆ ಹೆಮ್ಮಾಡಿಯಲ್ಲಿ ನಿಲ್ಲುತ್ತಾನೆ. ಹಳೆಯದೇನೂ ನಾನು ಎತ್ತುವುದಿಲ್ಲ. ಕಳೆದ ವರ್ಷದ ಕಾಗದ ಹರಿದುಹಾಕು.

ಚಂದಯ್ಯ


ವಂಡ್ಸೆ
15 ಡಿಸೆಂಬರ್ 2004

ಚಂದಯ್ಯ,

ಗಂಗೊಳ್ಳಿಗೆ ಆಗುವುದಿಲ್ಲ. ರತನನ ಸೋದರತ್ತೆಯೊಬ್ಬಳು ಅಲ್ಲೇ ಬಂದರಿನಲ್ಲಿ ಮೀನು ಕೊಳ್ಳುತ್ತಾಳೆ. ಆ ಮಾಳಿಗೆಯ ಮೆಟ್ಟಿಲು ರಸ್ತೆಗೇ ಇದೆ ಎಂದು ಬೆಳ್ಳಿ ಹೇಳಿದಳು. ಹತ್ತಿದವರು ಯಾರೆಂದು ಸಂಜೆಯೊಳಗೆ ಕೋಟಕ್ಕೆ ಮುಟ್ಟುತ್ತದೆ. ದೊಡ್ಡ ಆಸ್ಪತ್ರೆಗೆ ಹೋದರೆ ಚೀಟಿ, ಹೆಸರು, ವಿಳಾಸ ಎಲ್ಲ ಬರೆಸಿಕೊಳ್ಳುತ್ತಾರಂತೆ.

ನಿಮ್ಮ ಭಾವ ಒಬ್ಬರನ್ನು ಕರೆಸಿದ್ದಾರೆ. ದೃಷ್ಟಿಯಾಗಿದೆ ಎಂದು ನೂಲು ಕಟ್ಟಿದರು. ಇಪ್ಪತ್ತೊಂದು ದಿನದ ಲೆಕ್ಕ ಕೊಟ್ಟಿದ್ದಾರೆ. ನಾನು ನಿನ್ನ ಡಾಕ್ಟರು ಹೇಳಿದ್ದನ್ನು, ನಿನ್ನ ಹೆಸರು ತೆಗೆಯದೆ, ಭಾವನಿಗೆ ಹೇಳಿ ನೋಡಿದೆ. “ಯಾರ್ ಹೇಳ್ಕೊಟ್ಟದ್ ನಿಂಗೆ? ಇದ್ ನಿನ್ನ ತಮ್ಮನ ರಕ್ತ” ಎಂದರು. ಆಮೇಲೆ ಎರಡು ದಿನ ನನ್ನ ಜತೆ ಮಾತಿಲ್ಲ.

ಮಗುವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ರಮಿತಾ ಮಗುವಿಗೆ ಏನೂ ಮಾಡಿಲ್ಲ. ಎತ್ತಿಕೊಳ್ಳುವುದಿಲ್ಲ, ಅಷ್ಟೇ. ಮಗುವಿನ ಮಗ್ಗುಲಲ್ಲಿ ಕೂತು ನೋಡುತ್ತಾ ಇರುತ್ತಾಳೆ.

ಬುಧವಾರ 22ಕ್ಕೆ ಕೋಟದವರು ತೊಟ್ಟಿಲಿಗೆ ಹಾಕಲು ಬರುತ್ತಾರೆ. ಅಷ್ಟರೊಳಗೆ ಸರಿಯಾದರೆ ಸಾಕು. ನೀನು ಇತ್ತ ಬರಬೇಡ.

ಸರಸ


ಗಂಗೊಳ್ಳಿ
19 ಡಿಸೆಂಬರ್ 2004

ಅಕ್ಕ,

ನಾನು ಬಂದದ್ದು ನಿನಗೆ ಗೊತ್ತು. ಅಡುಗೆಮನೆಯ ಕಿಟಕಿಯಲ್ಲಿ ನಿನ್ನ ಸೆರಗು ಕಂಡೆ.

ಪದ್ದಕ್ಕ ಸೋಮವಾರ ಬ್ರಹ್ಮಾವರದ ಕಡೆಗೆ, ಉಳಿದ ದಿನ ಇಲ್ಲಿ. ನಿನ್ನೆ ಶನಿವಾರ ಅವಳಿಗೆ ರಜೆ. ರಜೆಯ ದಿನ ನನ್ನ ಜತೆ ಬಸ್ಸು ಹತ್ತಿದಳು. ಗೇಟಿನ ಹತ್ತಿರ ಭಾವ ನಿಂತಿದ್ದರು.

“ಒಂದ್ ಹುಚ್ಚು ಸಾಲ್ದಾ ಈ ಮನೀಗೆ? ಒಳಗ್ ಕಾಲಿಟ್ರೆ ಕಾಲ್ ಮುರಿತೆ ಕಾಣ್.”

ಪದ್ದಕ್ಕ, “ನಾ ಒಬ್ಳೇ ಬತ್ತೆ. ಅರ್ಧ ಗಂಟಿ ಹೆಣ್ಣಿನ ಹತ್ರ ಕೂಕಂಡ್ ಹೋತೆ. ಯಾರಿಗೂ ಹೇಳುದಿಲ್ಲ” ಎಂದಳು.

“ನೀವ್ ಯಾರ್? ಹುಚ್ಚರ ನರ್ಸ್ ಅಲ್ದಾ? ನಿಮ್ಮ ಮುಖ ಕಂಡ್ರೆ ಸಾಕ್, ಊರಿಗೆಲ್ಲ ಗೊತ್ತಾತ್ತ್” ಎಂದರು ಭಾವ.

ಅಷ್ಟರಲ್ಲಿ ರಮಿತಾ ಜಗಲಿಗೆ ಬಂದಳು. ತಲೆ ಬಾಚಿರಲಿಲ್ಲ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿದ್ದಳು. ನನ್ನನ್ನು ಕೂಡಲೇ ಗುರುತಿಸಿದಳು ಅಕ್ಕ, ಆರು ವರ್ಷವಾಗಿದ್ದರೂ. “ಮಾವ, ಒಳಗಿಪ್ದ್ ನನ್ ಮಗು ಅಲ್ಲ. ಬದ್ಲ್ ಮಾಡ್ರ್. ನೀವಾರೂ ಹುಡ್ಕಿ ಕೊಡಿ” ಎಂದಳು. ಭಾವ ಅವಳ ರಟ್ಟೆ ಹಿಡಿದು ಒಳಗೆ ನೂಕಿ ಚಿಲಕ ಹಾಕಿದರು. ಚಿಲಕದ ಸದ್ದು ನನಗೆ ಗೊತ್ತಿಲ್ಲದ್ದೇನಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಪದ್ದಕ್ಕ ಅತ್ತಳು. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುವವಳು. ನಾನು ಅಳಲಿಲ್ಲ. ಕಾಯಿಲೆ ಕಷ್ಟದ್ದಲ್ಲ ಅಕ್ಕ, ಅದನ್ನು ವಾಸಿ ಮಾಡಬಹುದು.

22ಕ್ಕೆ ಇನ್ನು ಮೂರು ದಿನ. ಅವರು ಬಂದು ಅವಳನ್ನು ಹೀಗೆ ನೋಡುವುದಕ್ಕಿಂತ ಮೊದಲೇ ಡಾಕ್ಟರ ಚೀಟಿ ನಿಮ್ಮ ಕೈಯಲ್ಲಿದ್ದರೆ ಒಂದು ಮಾತು ಹೇಳಲಾದರೂ ಆಗುತ್ತದೆ. ಕಾಲಿಗೆ ಬೀಳುತ್ತೇನೆ.

ಚಂದಯ್ಯ


(ಬೆಳ್ಳಿಯ ಕೈಯಲ್ಲಿ)
30 ಡಿಸೆಂಬರ್ 2004, ಗುರುವಾರ

ಚಂದಯ್ಯ,

ರಮಿತಾಳನ್ನು ಮೊದಲ ಬಸ್ಸಿಗೆ ಬೆಳ್ಳಿಯ ಜತೆ ಕಳಿಸುತ್ತಿದ್ದೇನೆ. ಕೋಟದವರು 22ಕ್ಕೆ ಬಂದರು, ಕಂಡರು. ಮಗುವನ್ನು ಎತ್ತಿಕೊಂಡು ಅವತ್ತೇ ಹೋದರು. ರತನ್ ಅವರ ಹಿಂದೆಯೇ ಹೊರಟ. ಮಗು ಹೋದ ಮೇಲೆ ಇವಳು ಅನ್ನ ಮುಟ್ಟಿಲ್ಲ.

ಭಾವ ಪೇಟೆಗೆ ಹೋಗಿದ್ದಾರೆ. ಬಂದ ಮೇಲೆ, ನಾನು ತೋಡಿನ ಹತ್ತಿರ ಬಟ್ಟೆ ಒಗೆಯುತ್ತಿದ್ದೆ, ನೀನು ಬಂದು ಕರೆದುಕೊಂಡು ಹೋದೆ ಎಂದು ಹೇಳುತ್ತೇನೆ. ನೀನೂ ಹಾಗೆಯೇ ಹೇಳು.

ಅವಳಿಗೆ ಹಾಲು ಕಟ್ಟಿ ಜ್ವರ ಇದೆ. ಚೀಲದಲ್ಲಿ ಎರಡು ಸೀರೆ ಇಟ್ಟಿದ್ದೇನೆ.

ಸರಸ


ಗಂಗೊಳ್ಳಿ
20 ಫೆಬ್ರವರಿ 2005

ಅಕ್ಕ,

ರಮಿತಾ ಚೆನ್ನಾಗಿದ್ದಾಳೆ. ಅದನ್ನು ಮೊದಲು ಬರೆಯುತ್ತೇನೆ.

ಅವತ್ತು ಡಾಕ್ಟರಮ್ಮ ತಮ್ಮದೇ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಹದಿನಾಲ್ಕು ದಿನ ಅಲ್ಲಿದ್ದಳು. ಹೆಂಗಸರ ವಾರ್ಡು, ನನ್ನನ್ನು ಸಂಜೆ ಒಂದು ಗಂಟೆ ಬಿಡುತ್ತಿದ್ದರು. ಮೊದಲ ನಾಲ್ಕು ದಿನ ನಿದ್ರೆ ಮಾಡಿದಳು. ಐದನೆಯ ದಿನ ಬಾಚಣಿಗೆ ಕೇಳಿದಳು. ಎರಡನೆಯ ವಾರದಲ್ಲಿ ಒಮ್ಮೆ ನನ್ನನ್ನೇ ದಿಟ್ಟಿಸಿ, “ಮಾವ, ಆ ಮಗು ನಂದೇ ಅಲ್ದಾ?” ಎಂದಳು. “ಹೌದ್ ಮಗ” ಎಂದೆ. “ಹಾಂಗಾರೆ ಅದೀಗ ಎಲ್ಲಿತ್ತ್?” ಎಂದಳು. ನಾನು ಹೇಳಬೇಕಾಯಿತು. ಅವಳು ಎದೆ ಮುಟ್ಟಿ ನೋಡಿಕೊಂಡಳು. ಹಾಲು ಬತ್ತಿ ಹೋಗಿತ್ತು. ಸನ್ನಿಯಲ್ಲಿದ್ದಾಗ ಅಷ್ಟು ದಿನ ಅಳದಿದ್ದವಳು ಅವತ್ತು ಅತ್ತಳು. ಡಾಕ್ಟರಮ್ಮ, “ಇದು ಕಾಯಿಲೆಯ ಅಳುವಲ್ಲ. ಅಳಲಿ” ಎಂದರು.

ಈಗ ನಮ್ಮ ಮನೆಯಲ್ಲಿದ್ದಾಳೆ. ಗುರುವಾರ ಮಾಳಿಗೆಗೆ ಹೋಗುತ್ತಾಳೆ. ಸೆರಗು ತಲೆಗೆ ಎಳೆದುಕೊಳ್ಳುವುದಿಲ್ಲ. ಯಾರಾದರೂ ಕೇಳಿದರೆ, “ಬಾಣಂತಿ ಸನ್ನಿ ಆಯಿತ್ತ್, ಈಗ ಗುಣ ಆಯ್ತ್” ಎನ್ನುತ್ತಾಳೆ. ಕೇಳಿದವರೇ ತಲೆ ತಗ್ಗಿಸುತ್ತಾರೆ.

ಎರಡು ಸಲ ಕೋಟಕ್ಕೆ ಹೋದಳು. ಬಾಗಿಲು ತೆಗೆಯಲಿಲ್ಲ. ಒಳಗೆ ಮಗು ಅಳುವುದು ಕೇಳಿಸಿತಂತೆ. ಕೊನೆಗೆ ಅಲ್ಲಿನ ಹಿರಿಯರು ಚೆನ್ನಯ್ಯನವರು ಪಂಚಾಯ್ತಿಕೆಗೆ ಒಪ್ಪಿದ್ದಾರೆ, ಮಾರ್ಚ್ 6, ಭಾನುವಾರ, ಅವರ ಮನೆಯಲ್ಲಿ. ಡಾಕ್ಟರಮ್ಮ ಕಾಗದ ಬರೆದುಕೊಟ್ಟಿದ್ದಾರೆ: ಕಾಯಿಲೆ ಹೆರಿಗೆಯ ಮೇಲೆ ಬಂದದ್ದು, ವಾಸಿಯಾಗಿದೆ, ಮಗುವನ್ನು ನೋಡಿಕೊಳ್ಳಬಲ್ಲಳು ಎಂದು.

ಕೋಟದವರ ವಾದ ಎರಡು. ಹುಚ್ಚು ಮೊದಲೇ ಇತ್ತು, ಮುಚ್ಚಿಟ್ಟು ಮದುವೆ ಮಾಡಿದರು, ಇದು ಒಂದು. ಮಗುವನ್ನು ಕೊಲ್ಲಲು ನೋಡಿದಳು, ಇದು ಇನ್ನೊಂದು. ಎರಡೂ ಸುಳ್ಳು ಎಂದು ಕಣ್ಣಾರೆ ಕಂಡು ಹೇಳಬಲ್ಲವಳು ನೀನೊಬ್ಬಳೇ. ಮದುವೆಗೆ ಮೊದಲು ಏನೂ ಇರಲಿಲ್ಲ, ಹೆರಿಗೆಯಾದ ಮೇಲೆ ಶುರುವಾಯಿತು, ಮದ್ದು ಕೊಡಿಸದೆ ನಾವು ತಡ ಮಾಡಿದೆವು, ಅವಳು ಮಗುವಿಗೆ ಏನೂ ಮಾಡಿಲ್ಲ. ಇಷ್ಟು ಹೇಳಿದರೆ ಸಾಕು. ಚೆನ್ನಯ್ಯನವರು ನ್ಯಾಯವಂತರು, ಹೆತ್ತ ತಾಯಿ ಬಂದು ಹೇಳಿದರೆ ಮಗುವನ್ನು ಕೊಡಿಸುತ್ತೇನೆ ಎಂದು ನನ್ನೆದುರೇ ಹೇಳಿದ್ದಾರೆ.

ಬಾ ಅಕ್ಕ. ಭಾವನ ಜತೆಯಾದರೂ ಬಾ.

ಚಂದಯ್ಯ


ಗಂಗೊಳ್ಳಿ
7 ಮಾರ್ಚ್ 2005

ಸರಸಕ್ಕ,

ನಿನ್ನೆ ನೀನು ಬಂದೆ. ಬಾರದಿದ್ದರೆ ಚೆನ್ನಾಗಿತ್ತು.

ನೀನು ಹೆಂಗಸರ ನಡುವೆ ಕಂಬಕ್ಕೆ ಒರಗಿ ಕೂತಾಗ ರಮಿತಾ ನನ್ನ ಕೈ ಹಿಡಿದು, “ಅಮ್ಮ ಬಂದ್ರ್ ಮಾವ” ಎಂದಳು. ಐದು ವರ್ಷದ ಮಗು ಹೇಳಿದ ಹಾಗೆ ಹೇಳಿದಳು. ಅವಳ ಮಗುವೂ ಅಲ್ಲೇ ಇತ್ತಲ್ಲ, ಅತ್ತೆಯ ತೊಡೆಯ ಮೇಲೆ. ಇವಳು ಅತ್ತ ನೋಡಲಿಲ್ಲ. ನೋಡಿದರೆ ಅಳು ಬರುತ್ತದೆ, ಅತ್ತರೆ ಹುಚ್ಚು ಎನ್ನುತ್ತಾರೆ ಎಂದು ಬಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದಳು.

ಚೆನ್ನಯ್ಯನವರು ಡಾಕ್ಟರ ಕಾಗದ ಗಟ್ಟಿಯಾಗಿ ಓದಿದರು. ಮಡಿಚಿ ಜೇಬಿಗೆ ಇಟ್ಟರು. ಆಮೇಲೆ ನಿನ್ನ ಕಡೆ ತಿರುಗಿ, “ಸರಸ, ನೀ ಹೇಳ್. ಹೆಣ್ಣಿಗ್ ಹುಷಾರಿಲ್ಲ ಅಂತ ನಿಮ್ಗ್ ಯಾವಾಗ್ ಗೊತ್ತಾಯ್ತ್? ಎಂತ ಮಾಡ್ರಿ?” ಎಂದರು.

ನೀನು ಭಾವನ ಮುಖ ನೋಡಿದೆ. ಭಾವನ ಪಕ್ಕದಲ್ಲಿ ಬಿಳಿ ಅಂಗಿಯ ಇಬ್ಬರು ಕೂತಿದ್ದರು, ದಿವ್ಯಾಳನ್ನು ನೋಡಿ ಹೋದ ಮನೆಯವರು ಎಂದು ಗುಡ್ಡ ಆಮೇಲೆ ಹೇಳಿದ. ನೀನು ನೆಲ ನೋಡಿದೆ.

“ನಂಗ್ ಎಂತದೂ ಗೊತ್ತಿಲ್ಲೆ. ನಮ್ಮನೇಲ್ ಅವ್ಳ್ ಸಮಾ ಇದ್ಳ್. ನಾ ಬಟ್ಟಿ ಒಗೂಕ್ ಹೋದಪ್ಪತಿಗೆ ತಮ್ಮ ಬಂದ್ ಕರ್ಕಂಡ್ ಹೋದ. ಅಲ್ಲಿ ಹೋದ್ ಮ್ಯಾಲೆ ಎಂತಾಯ್ತೋ.”

ಅಲ್ಲಿಗೆ ಮುಗಿಯಿತು. ಹುಚ್ಚನೊಬ್ಬ ಹೆಣ್ಣನ್ನು ಎತ್ತಿಕೊಂಡು ಹೋಗಿ ಹುಚ್ಚರ ಆಸ್ಪತ್ರೆಗೆ ಹಾಕಿದ. ಸಭೆಯ ಅರ್ಧ ಜನ ನನ್ನನ್ನು ಹಾಗೆಯೇ ನೋಡಿದರು. ಉಳಿದರ್ಧ ನಿನ್ನನ್ನು ನಂಬದೆಯೂ ಸುಮ್ಮನಿದ್ದರು. ತಾಯಿಯೇ ಜತೆಗಿಲ್ಲದ ಹೆಣ್ಣಿಗೆ ಮಗು ಹೇಗೆ ಕೊಡುವುದು ಎಂದರು ಚೆನ್ನಯ್ಯನವರು. ಭಾನುವಾರ ಎರಡು ಗಂಟೆ ಅವರ ಜಗಲಿಯಲ್ಲಿ ಮಗುವನ್ನು ನೋಡಬಹುದು, ಅತ್ತೆ ಎದುರಿಗೆ ಕೂತಿರುತ್ತಾಳೆ. ಅಷ್ಟೇ ಸಿಕ್ಕಿದ್ದು.

ಬಸ್ಸಿನಲ್ಲಿ ರಮಿತಾ ಒಂದೇ ಮಾತು ಕೇಳಿದಳು: “ಮಾವ, ನನ್ನ ಬಸ್ಸಿಗ್ ಹತ್ಸದ್ ಅಮ್ಮನೇ ಅಲ್ದಾ? ನಂಗ್ ನೆನ್ಪಿಪ್ದ್ ಸಮಾ ಅಲ್ದಾ?” ತನ್ನ ನೆನಪನ್ನೇ ನಂಬಬೇಕೋ ಬೇಡವೋ ಎಂದು ಕೇಳುತ್ತಿದ್ದಳು. ಎರಡು ತಿಂಗಳು ಮದ್ದು ಕೊಟ್ಟು ಡಾಕ್ಟರಮ್ಮ ಕಟ್ಟಿದ್ದನ್ನು ನೀನು ಒಂದು ಮಾತಿನಲ್ಲಿ ಅಲುಗಾಡಿಸಿದೆ. ನೀನು ಕಳಿಸಿದ ಚೀಟಿ ನನ್ನ ಹತ್ತಿರ ಇತ್ತು. ತೆಗೆದು ತೋರಿಸಿದೆ. ಅವಳು ಓದಿದಳು, ಮಡಿಚಿ ಕೊಟ್ಟಳು. ಸಭೆಯಲ್ಲಿ ಅದನ್ನು ತೆಗೆಯಬಹುದಿತ್ತು. ಜೇಬಿನಲ್ಲೇ ಇತ್ತು. ಅಷ್ಟು ಜನರ ಎದುರು ಅಕ್ಕನನ್ನು ಸುಳ್ಳುಗಾರ್ತಿ ಮಾಡಲು ನನಗೆ ಕೈ ಬರಲಿಲ್ಲ. ರಮಿತಾ ಅದಕ್ಕಾಗಿ ನನ್ನ ಜತೆಗೂ ಮೂರು ದಿನ ಮಾತಾಡಲಿಕ್ಕಿಲ್ಲ. ಅವಳದೇ ಸರಿ.

ಕುಂದಾಪುರದಲ್ಲಿ ವಕೀಲರನ್ನು ನೋಡುತ್ತೇವೆ. ಕೋರ್ಟಿನಲ್ಲಿ ವರ್ಷಗಳು ಹೋಗುತ್ತವೆಯಂತೆ. ಇನ್ನು ಮುಂದೆ ನಾನು ಬರೆಯುವುದಿಲ್ಲ.

ಚಂದಯ್ಯ


ವಂಡ್ಸೆ
26 ಫೆಬ್ರವರಿ 2006

ಚಂದಯ್ಯ,

ಬರೆಯುವ ಮುಖ ನನಗಿಲ್ಲ. ಆದರೂ ಬೇರೆ ಯಾರಿಗೆ ಬರೆಯಲಿ?

ದಿವ್ಯಾಳ ಮದುವೆ ಮೇ ತಿಂಗಳಲ್ಲಿ ಆಯಿತು. ಅವತ್ತು ಬಿಳಿ ಅಂಗಿಯಲ್ಲಿ ಕೂತಿದ್ದವರ ಮನೆಗೇ. ನಾನು ಏನನ್ನು ಕೊಟ್ಟು ಏನನ್ನು ಕೊಂಡೆ ಎಂದು ನನಗೆ ಗೊತ್ತಿದೆ. ನೀನು ಹೇಳಬೇಕಾಗಿಲ್ಲ.

ಈಗ ದಿವ್ಯಾಳಿಗೆ ಏಳು ತಿಂಗಳು. ಮುಂದಿನ ತಿಂಗಳು ಹೆರಿಗೆಗೆ ಇಲ್ಲಿಗೆ ಬರುತ್ತಾಳೆ. ಅದನ್ನು ಕೇಳಿದ ದಿನದಿಂದ ನನಗೆ ನಿದ್ರೆ ಹೋಯಿತು. ಕಣ್ಣು ಮುಚ್ಚಿದರೆ ಎದೆ ಬಡಿದುಕೊಳ್ಳುತ್ತದೆ. ಅನ್ನ ಸೇರುವುದಿಲ್ಲ. ಒಲೆಯ ಮುಂದೆ ನಿಂತವಳು ಏನು ಮಾಡಲು ಬಂದೆ ಎಂದು ಮರೆಯುತ್ತೇನೆ. ನಿಮ್ಮ ಭಾವನಿಗೆ ಹೇಳಿದರೆ, “ಪಿತ್ತ, ಲಿಂಬೆ ಶರ್ಬತ್ ಕುಡಿ” ಎಂದರು.

ಕಳೆದ ಗುರುವಾರ ಕುಂದಾಪುರಕ್ಕೆ ಎಂದು ಸುಳ್ಳು ಹೇಳಿ ಗಂಗೊಳ್ಳಿಗೆ ಬಂದೆ. ಮಾಳಿಗೆಯ ಮೆಟ್ಟಿಲ ತನಕ ಬಂದೆ. ಐದಾರು ಮೆಟ್ಟಿಲು ಹತ್ತಿದೆ. ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಬಂದವರ ಹೆಸರು ಬರೆದುಕೊಳ್ಳುತ್ತಿದ್ದದ್ದು ರಮಿತಾ. ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದು ನನಗೆ ಯಾರೂ ಹೇಳಿರಲಿಲ್ಲ. ಒಬ್ಬ ಮುದುಕನಿಗೆ, “ಅಜ್ಜಯ್ಯ, ಇಲ್ಲಿ ಕೂಕಣಿ, ನಿಮ್ದ್ ನಾಲ್ಕನೇದ್” ಎನ್ನುತ್ತಿದ್ದಳು. ದಪ್ಪಗಾಗಿದ್ದಾಳೆ. ಚೆನ್ನಾಗಿ ಕಾಣುತ್ತಾಳೆ. ನಾನು ತಿರುಗಿ ಇಳಿದುಬಿಟ್ಟೆ. ನನ್ನ ಹೆಸರು ಏನೆಂದು ಅವಳು ಕೇಳಿದರೆ ಹೇಗೆ ಹೇಳಲಿ?

ಬೇರೆ ಕಡೆ ಇಂಥ ಕ್ಲಿನಿಕ್ ಇದೆಯೇ? ಅವಳಿಲ್ಲದ ಕಡೆ? ಅವಳಿಗೆ ಗೊತ್ತಾಗದಂತೆ ವಿಚಾರಿಸಿ ತಿಳಿಸು.

ನಿನ್ನ ಅಕ್ಕ,
ಸರಸ


ಗಂಗೊಳ್ಳಿ
3 ಮಾರ್ಚ್ 2006

ಅಮ್ಮನಿಗೆ,

ನಿಮ್ಮ ಕಾಗದವನ್ನು ಮಾವ ಓದಿ, ನನ್ನ ಕೈಗೆ ಕೊಟ್ಟು ಬಂದರಿಗೆ ಹೋದರು. ಅವರು ಇನ್ನು ಬರೆಯುವುದಿಲ್ಲ ಎಂದಿದ್ದರು. ಹಾಗಾಗಿ ನಾನು ಬರೆಯುತ್ತಿದ್ದೇನೆ. ಕ್ಲಿನಿಕ್ಕಿಗೆ ಬರುವ ಎಲ್ಲರಿಗೂ ಹೇಳುವಂತೆಯೇ ಹೇಳುತ್ತೇನೆ. ಬೇರೆ ರೀತಿ ಹೇಳಲು ಹೊರಟರೆ ಈ ಕಾಗದ ಮುಗಿಯುವುದಿಲ್ಲ.

ಮೆಟ್ಟಿಲಲ್ಲಿ ನಿಮ್ಮನ್ನು ನೋಡಿದ್ದೆ. ಕರೆಯಬೇಕೆಂದು ಬಾಯಿಗೆ ಬಂತು. ಕರೆಯಲಿಲ್ಲ. ಅಂದು ಸಂಜೆ ಪದ್ದಕ್ಕನಿಗೆ ಹೇಳಿದಾಗ, ಮೆಟ್ಟಿಲಿಂದ ಇಳಿದು ಹೋದವರ ಹಿಂದೆ ಹೋಗುವುದೇ ನಮ್ಮ ಕೆಲಸ ಎಂದು ಬೈದಳು. ಆ ಒಂದು ಕೆಲಸ ನನ್ನಿಂದ ಆಗಲಿಲ್ಲ.

ಮಗುವಿಗೆ ಶರಣ್ಯಾ ಎಂದು ಹೆಸರಿಟ್ಟಿದ್ದಾರೆ. ಹದಿನೈದು ತಿಂಗಳು. ನಡೆಯುತ್ತಾಳೆ. ಭಾನುವಾರ ಚೆನ್ನಯ್ಯನವರ ಜಗಲಿಯಲ್ಲಿ ನಾನು ಕೂತರೆ ಮೊದಲು ಅರ್ಧ ಗಂಟೆ ಹತ್ತಿರ ಬರುವುದಿಲ್ಲ. ಆಮೇಲೆ ಬರುತ್ತಾಳೆ. ಅಜ್ಜಿ ಹೇಳಿಕೊಟ್ಟಿದ್ದಾರೆ, ನನ್ನನ್ನು ಅಕ್ಕ ಎನ್ನುತ್ತಾಳೆ. ನಾನು ತಿದ್ದಲು ಹೋಗಿಲ್ಲ. ಕೋರ್ಟಿನಲ್ಲಿ ಇನ್ನೂ ವಿಚಾರಣೆಗೆ ಬಂದಿಲ್ಲ. ಬಂದಾಗ ನಿಮ್ಮನ್ನು ಸಾಕ್ಷಿಗೆ ಕರೆಸುವುದು ಬೇಡ ಎಂದು ವಕೀಲರಿಗೆ ಹೇಳಿದ್ದೇನೆ. ನಿಮ್ಮ ಮೇಲೆ ಕರುಣೆಯಿಂದಲ್ಲ. ಇನ್ನೊಮ್ಮೆ ಅದನ್ನು ಕೇಳುವ ಶಕ್ತಿ ನನಗಿಲ್ಲ.

ನೀವು ಕೇಳಿದ್ದಕ್ಕೆ ಉತ್ತರ: ಬೈಂದೂರಿನಲ್ಲಿ ಮಂಗಳವಾರ ನಡೆಯುತ್ತದೆ. ಬಸ್ ನಿಲ್ದಾಣದಿಂದ ಐದು ನಿಮಿಷ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಹತ್ತು ಗಂಟೆಯೊಳಗೆ ಹೋಗಿ, ಆಮೇಲೆ ಜನ ಹೆಚ್ಚು. ಹೆಸರು ಬರೆಸಲೇಬೇಕು, ಆದರೆ ಆ ಪುಸ್ತಕ ಹೊರಗಿನವರಿಗೆ ತೋರಿಸುವುದಿಲ್ಲ. ನಾನು ಮಂಗಳವಾರ ಅಲ್ಲಿಗೆ ಹೋಗುವುದಿಲ್ಲ, ಹೆದರಬೇಡಿ. ಅದೇ ಡಾಕ್ಟರಮ್ಮ. ನಿಮ್ಮದು ಭಯದ ಕಾಯಿಲೆ ಇರಬಹುದು, ವಾಸಿಯಾಗುತ್ತದೆ. ಮಾತ್ರೆ ಕೊಟ್ಟರೆ ಕೆಲಸ ಮಾಡಲು ಎರಡು ಮೂರು ವಾರ ಬೇಕು. ಎರಡು ದಿನ ತಿಂದು ಬಿಡಬೇಡಿ.

ದಿವ್ಯಾಳನ್ನೂ ಜತೆಗೆ ಕರೆದುಕೊಂಡು ಹೋಗಿ. ನನಗೆ ಆದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಆಗಿದ್ದರೆ ಇನ್ನೊಬ್ಬಳ ಮೇಲೆ ಕಣ್ಣಿಡಬೇಕಂತೆ. ಆಗಲೇಬೇಕೆಂದಿಲ್ಲ. ಅವಳ ಗಂಡನ ಮನೆಯವರಿಗೂ ಈಗಲೇ ತಿಳಿಸಿ. ಅಪ್ಪ ಬೇಡವೆನ್ನುತ್ತಾರೆ. ನೀವು ತಿಳಿಸಿ.

ಹೆರಿಗೆಯ ಮೇಲೆ ಅವಳಿಗೆ ಎರಡು ರಾತ್ರಿ ಸರಿಯಾಗಿ ನಿದ್ರೆ ಬಾರದಿದ್ದರೆ, ಮೂರನೆಯ ರಾತ್ರಿಗೆ ಕಾಯಬೇಡಿ.

ರಮಿತಾ